ಮಾವನವರು ಹೊಡೆದುಹಾಕಿದ ಕಂಸಗಳು

ಮನೆಯೊಳಗಿನ ಜಗಳಕ್ಕೆ ಒಂದು ಮರ್ಯಾದಸ್ಥ ಕಾರಣ ಇರಬೇಕೆಂದು ನಾನು ಬಹಳ ಕಾಲ ನಂಬಿಕೊಂಡಿದ್ದೆ. ಹೊಲದ ಬದು, ಕಾಲುವೆ ನೀರಿನ ಪಾಳಿ, ಮದುವೆಯಲ್ಲಿ ಬೀಗರಿಗೆ ಉಡಿಸಿದ ಸೀರೆ, ಇಂಥವು. ನಮ್ಮ ಸೀಮೆಯಲ್ಲಿ ಇವುಗಳ ಮೇಲೆ ಮಾತು ಬಿಟ್ಟು, ಎದುರುಬದುರು ಮನೆಗಳಲ್ಲೇ ಮುದುಕರಾದ ಅಣ್ಣತಮ್ಮಂದಿರಿದ್ದಾರೆ. ಅವರನ್ನು ಕಂಡರೆ ಬೇಸರವಾಗುತ್ತದೆ, ಆದರೆ ಅರ್ಥವಾಗುತ್ತದೆ. ಕಂಸದ ಮೇಲೆ ಮಾತು ಬಿಟ್ಟ ಮನೆ ಮಾತ್ರ ಕೊಪ್ಪಳ ಜಿಲ್ಲೆಯಲ್ಲಿ ನಮ್ಮದೊಂದೇ ಇರಬೇಕು. ಕಂಸ ಎಂದರೆ ಗಣಿತದ ಮಾಸ್ತರರು ಹೇಳಿಕೊಡುತ್ತಿದ್ದರಲ್ಲ, ಆ ಕಡೆಗೊಂದು ಈ ಕಡೆಗೊಂದು ಬಾಗಿದ ಗೆರೆ, ಅದು. ವ್ಯಾಕರಣದವರು ಅದನ್ನು ಆವರಣ ಚಿಹ್ನೆ ಎನ್ನುತ್ತಾರೆ, ನಮ್ಮ ವಿದ್ಯಾರ್ಥಿಗಳು ಬ್ರಾಕೆಟ್ ಎನ್ನುತ್ತಾರೆ. ನಮ್ಮ ಮನೆಯಲ್ಲಿ ಕಂಸ ಎಂದೇ ರೂಢಿಯಾಯಿತು. ಮಾವ ಅಳಿಯರ ನಡುವೆ ಆ ಹೆಸರು ಬಂದರೆ ಒಳ್ಳೆಯದಾಗುವುದಿಲ್ಲ ಎಂಬುದು ಅಜ್ಜಿಯರ ಕಾಲದಿಂದ ಎಲ್ಲರಿಗೂ ಗೊತ್ತಿದ್ದರೂ, ನನಗೆ ತಡವಾಗಿ ಹೊಳೆಯಿತು.

ನಾನು ಕೊಪ್ಪಳದ ಒಂದು ಪದವಿ ಕಾಲೇಜಿನಲ್ಲಿ ಕಂಪ್ಯೂಟರ್ ವಿಷಯ ಕಲಿಸುವವನು. ಮೂಲತಃ ನವಲಿಯವನು. ಭತ್ತದ ಕೆಸರಿನಲ್ಲಿ ಕಾಲಿಟ್ಟರೆ ಮುಂದಕ್ಕೇ ಎತ್ತಿಡಬೇಕು, ಹಿಂದಕ್ಕೆ ತಿರುಗಿದರೆ ಬೀಳುತ್ತೇವೆ ಎಂದು ಚಿಕ್ಕಂದಿನಲ್ಲಿ ಕಲಿತ ಪಾಠವನ್ನು ನಾನು ಬೇಡವಾದ ಕಡೆಯಲ್ಲೆಲ್ಲ ಬಳಸುತ್ತೇನೆ ಎಂದು ನನ್ನ ಹೆಂಡತಿ ಗಿರಿಜಾ ಹೇಳುತ್ತಾಳೆ. ಪಠ್ಯಕ್ರಮ ಬದಲಾಗಿ ನಮಗೆ ಪೈಥಾನ್ ಬಂದಾಗಲೂ ಹಾಗೇ ಆಯಿತು. ಪೈಥಾನ್ ಎಂದರೆ ಹೆಬ್ಬಾವು, ಆದರೆ ಇದು ಸಾಧು ಪ್ರಾಣಿ. ಏನು ಮಾಡಬೇಕೆಂದು ಕಂಪ್ಯೂಟರಿಗೆ ಬರೆದು ಹೇಳಲು ಇರುವ ಹಲವು ಭಾಷೆಗಳಲ್ಲಿ ಒಂದು. ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಳಗಿನ ಬಸ್ಸಿಗೆ ನೇತುಬಿದ್ದು ಬರುವ ನಮ್ಮ ವಿದ್ಯಾರ್ಥಿಗಳು ಕನ್ನಡ ಸಾಲಿಯಲ್ಲಿ ಓದಿದವರು. ಅವರಿಗೆ ದಪ್ಪ ಇಂಗ್ಲಿಷ್ ಪುಸ್ತಕ ಕೊಟ್ಟರೆ ಹೆಬ್ಬಾವನ್ನೇ ಕೊಟ್ಟಂತೆ ಹಿಂದೆ ಸರಿಯುತ್ತಿದ್ದರು. ಕನ್ನಡದಲ್ಲಿ ಒಂದು ಪುಸ್ತಕ ಬರೆದೇ ತೀರುತ್ತೇನೆ, ಮುಂದಿನ ವರ್ಷದ ತರಗತಿ ಶುರುವಾಗುವ ಹೊತ್ತಿಗೆ ಅವರ ಕೈಗೆ ಕೊಟ್ಟೇ ಕೊಡುತ್ತೇನೆ ಎಂದು ನಾನು ಸ್ಟಾಫ್ ರೂಮಿನಲ್ಲಿ ಎಲ್ಲರ ಎದುರು ಹೇಳಿಬಿಟ್ಟೆ. ಹೇಳಿದ ಮೇಲೆ ಕೆಸರಿನಲ್ಲಿ ಕಾಲಿಟ್ಟಂತಾಯಿತು. ಬರೆದೆ. ಗಂಗಾವತಿಯಲ್ಲಿ ಅಚ್ಚಿನ ಅಂಗಡಿ ಇಟ್ಟಿದ್ದ ಇಮಾಮಸಾಬರು ಅಕ್ಷರ ಜೋಡಿಸಿ, ಕರಡು ತೆಗೆದು, ತಪ್ಪು ತಿದ್ದಿ ಕೊಡಿ ಎಂದು ಒಂದು ಹೊರೆ ಕಾಗದ ಕಳಿಸಿದರು.

ಅದೇ ಸಮಯಕ್ಕೆ ಮಾವನವರು ನಮ್ಮ ಮನೆಗೆ ಬಂದರು. ವೀರಭದ್ರಪ್ಪ ಮಾಸ್ತರರು ಎಂದರೆ ತಳಕಲ್ ಸುತ್ತಮುತ್ತ ಈಗಲೂ ಎದ್ದು ನಿಲ್ಲುವವರಿದ್ದಾರೆ. ಪ್ರೌಢಶಾಲೆಯಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಅಂಗಡಿಯ ಬೋರ್ಡಿನಲ್ಲಿ ಅಲ್ಪಪ್ರಾಣ ಮಹಾಪ್ರಾಣ ಅದಲುಬದಲಾಗಿದ್ದರೆ ಒಳಗೆ ಹೋಗಿ ಹೇಳಿ ಬರುವ ಜಾತಿ. ಗಂಗಾವತಿಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು, ತಪಾಸಣೆಗೆ ಹೋಗಿಬರಲು ಅನುಕೂಲವೆಂದು ನಮ್ಮಲ್ಲಿ ಉಳಿದರು. ಮೊದಲು ಓದಬಾರದು ಎಂಬ ಪಥ್ಯವಿತ್ತು, ಆಗ ರೇಡಿಯೊ ಕೇಳುತ್ತಾ ಸುಮ್ಮನಿದ್ದರು. ಪಥ್ಯ ಮುಗಿದದ್ದೇ ತಡ, ಮನೆಯಲ್ಲಿ ಅಕ್ಷರವಿದ್ದದ್ದೆಲ್ಲ ಅವರ ಕಣ್ಣಿಗೆ ಬಿತ್ತು. ಉಪ್ಪಿನ ಪ್ಯಾಕೆಟ್ಟು ಓದಿದರು. ಔಷಧಿ ಚೀಟಿ ಓದಿ ಅದರ ಕನ್ನಡಕ್ಕೆ ಮರುಗಿದರು. ಇಷ್ಟು ಚಂದ ಕಾಣಿಸುವ ಕಣ್ಣಿಗೆ ಏನಾದರೂ ಒಳ್ಳೆಯ ಕೆಲಸ ಕೊಡಬೇಕಲ್ಲ ಎಂದು ನಾನೇ, ಯಾರೂ ಹೇಳದೆ, ಕರಡಿನ ಹೊರೆಯನ್ನು ಅವರ ಮುಂದಿಟ್ಟು, ಗಾಳಿಗೆ ಹಾರದಿರಲೆಂದು ಗಿರಿಜಾಳ ಕಿನ್ನಾಳದ ಮರದ ಗಿಣಿಯನ್ನು ಮೇಲಿಟ್ಟೆ. ಮಾವನವರು ಕೆಂಪು ಪೆನ್ನಿನ ಮುಚ್ಚಳ ತೆಗೆದು, "ನೀವು ನಿಶ್ಚಿಂತಿ ಇರ್ರಿ ಅಳಿಯಂದ್ರ" ಎಂದರು. ನಾನು ನಿಶ್ಚಿಂತನಾಗಿ ಕಾಲೇಜಿಗೆ ಹೋದೆ.

ಕರಡು ಮರಳಿ ಕೈಗೆ ಬಂದಾಗ ಪುಟಗಳು ಗುಲಾಲು ಎರಚಿದ ಹಾಗಿದ್ದವು. ಒತ್ತಕ್ಷರಗಳನ್ನು ತಿದ್ದಿದ್ದರು, ಅದಕ್ಕೆ ನಾನು ಋಣಿ. ವಾಕ್ಯಗಳನ್ನು ಕತ್ತರಿಸಿದ್ದರು, ಅದೂ ಸರಿ. ಆದರೆ ಪ್ರಿಂಟ್ ಎಂಬ ಪದ ಬಂದಲ್ಲೆಲ್ಲ ಅದರ ಮುಂದಿನ ಎರಡು ಕಂಸಗಳನ್ನೂ ಹೊಡೆದುಹಾಕಿದ್ದರು. ಪೈಥಾನಿನಲ್ಲಿ ಪರದೆಯ ಮೇಲೆ ಏನಾದರೂ ತೋರಿಸು ಎಂದು ಹೇಳಬೇಕಾದರೆ ಪ್ರಿಂಟ್ ಎಂದು ಬರೆಯಬೇಕು. ಹಳೆಯ ಪೈಥಾನಿನಲ್ಲಿ ಅದು ಒಂದು ಹೇಳಿಕೆ. ಪ್ರಿಂಟ್ "ನಮಸ್ಕಾರ" ಎಂದು ಬರೆದರೆ ಸಾಕಿತ್ತು. ಹೊಸ ಪೈಥಾನ್ ಬಂದಾಗ ಅದನ್ನು ಕಟ್ಟಿದವರು ಪ್ರಿಂಟನ್ನು ಹೇಳಿಕೆಯ ಸ್ಥಾನದಿಂದ ಇಳಿಸಿ ಫಂಕ್ಷನ್ ಮಾಡಿದರು. ಫಂಕ್ಷನ್ ಎಂದರೆ ಕೊಟ್ಟ ಸಾಮಾನು ತೆಗೆದುಕೊಂಡು ಕೆಲಸ ಮಾಡುವ ಒಂದು ಚಿಕ್ಕ ಯಂತ್ರ, ಸಾಮಾನನ್ನು ಕಂಸದೊಳಗೆ ಹಾಕಿ ಕೊಡಬೇಕು. ಹಾಗಾಗಿ ಈಗ ಪ್ರಿಂಟ್("ನಮಸ್ಕಾರ") ಎಂದೇ ಬರೆಯಬೇಕು. ಈ ಬದಲಾವಣೆ ಬೇಕೋ ಬೇಡವೋ ಎಂದು ದೇಶವಿದೇಶದ ಬುದ್ಧಿವಂತರು ಪುಟಗಟ್ಟಲೆ ವಾದಿಸಿದ್ದಾರೆ. ಆ ವಾದ ಮುಗಿದುಹೋಗಿದೆ ಎಂದು ನಾನು ತಿಳಿದಿದ್ದೆ. ಅದು ತಳಕಲ್‌ವರೆಗೆ ಬಂದಿರಲಿಲ್ಲ, ಅಷ್ಟೆ.

"ಭಾಷಾ ಛಲೋ ಐತಿ ಅಳಿಯಂದ್ರ" ಎಂದರು ಮಾವನವರು ಕರಡನ್ನು ನನ್ನ ಕೈಗೆ ಕೊಡುತ್ತಾ. "ಆದ್ರ ಈ ಕಂಸದ ರೋಗ ನಿಮಗ ಎಲ್ಲಿಂದ ಹತ್ತಿತು?"

"ಅದು ರೋಗ ಅಲ್ರಿ ಮಾವಾರ, ನಿಯಮ."

"ಪ್ರಿಂಟ್ ಅಂದ್ರ ಏನು?"

"ತೋರಿಸು ಅಂತ್ರಿ."

"ಅಂದ್ರ ವಿಧ್ಯರ್ಥಕ ಕ್ರಿಯಾಪದ. ಬಾ, ಹೋಗು, ಕುಂಡ್ರು ಇದ್ದಂಗ. ಮನಿಗೆ ಬಂದವರಿಗೆ ನಾವು, ಕುಂಡ್ರು, ಕಂಸ ಶುರು, ಕುರ್ಚಿ ಮ್ಯಾಲ, ಕಂಸ ಮುಗೀತು, ಅಂತೀವೇನು? ಇನ್ನೊಂದು ಕಡೆ ಬರೀ ಕಂಸ ಹಾಕೀರಿ, ಒಳಗ ಏನೂ ಇಲ್ಲ. ಖಾಲಿ ಡಬ್ಬಿ."

"ಖಾಲಿ ಕಂಸ ಹಾಕಿದ್ರ ಖಾಲಿ ಸಾಲು ಬರ್ತೈತ್ರಿ."

"ಖಾಲಿ ಸಾಲು ಬಿಡಾಕ ಡಬ್ಬಿ ಯಾಕ ಬೇಕು?"

ಮೊದಲು ಹೇಳಿಕೆ ಇತ್ತು, ಈಗ ಫಂಕ್ಷನ್ ಮಾಡಿದ್ದಾರೆ ಎಂದೆ. ಯಾಕೆ ಎಂದರು. ಭಾಷೆ ಕಟ್ಟಿದವರೇ ಮಾಡಿದ್ದಾರೆ ಎಂದೆ. ಮಾವನವರು ಕನ್ನಡಕ ತೆಗೆದರು. "ನಾ ಯಾಕ ಅಂತ ಕೇಳಿದೆ. ನೀವು ಯಾರು ಅಂತ ಹೇಳಿದ್ರಿ. ಯಾಕ ಅಂದದ್ದಕ್ಕ ಯಾರು ಅನ್ನೂದು ಉತ್ತರ ಅಲ್ಲ್ರಿ. ಪರೀಕ್ಷಾದಾಗ ಹಿಂಗ ಬರದ್ರ ನಾ ಸೊನ್ನಿ ಕೊಡ್ತಿದ್ದೆ." ಒಳಗೆ ರೊಟ್ಟಿ ಬಡಿಯುತ್ತಿದ್ದ ಗಿರಿಜಾಳ ಕೈಯ ಸದ್ದು ಒಂದು ಕ್ಷಣ ನಿಂತಿತು. ಮಾವನವರು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಅದಕ್ಕೇ ನನಗೆ ಸಿಟ್ಟು ಬಂತು. ಒಂದು ಕಂಸವನ್ನೂ ಬಿಟ್ಟುಕೊಡುವುದಿಲ್ಲ ಎಂದು ಅಲ್ಲೇ ತೀರ್ಮಾನಿಸಿದೆ. "ವಾದ ಬ್ಯಾಡ್ರಿ ಮಾವಾರ, ಕಂಪ್ಯೂಟರನ್ನ ಕೇಳೋಣ" ಎಂದೆ.

ಮನೆಯ ಮೂಲೆಯಲ್ಲಿ ನನ್ನ ಎಂ.ಎಸ್ಸಿ. ಕಾಲದ ಕಂಪ್ಯೂಟರ್ ಒಂದಿತ್ತು. ಗಿರಿಜಾ ಅದರ ಮೇಲೆ ಕುಸುರಿ ಹಾಕಿದ ಬಟ್ಟೆ ಹೊದಿಸಿ ಹೂದಾನಿ ಇಟ್ಟಿದ್ದಳು. ಹೂದಾನಿ ಇಳಿಸಿ, ಬಟ್ಟೆ ಸರಿಸಿ, ಯಂತ್ರ ಹಚ್ಚಿದೆ. ಮಾವನವರಿಗೆ ಪಕ್ಕದಲ್ಲಿ ಕುರ್ಚಿ ಹಾಕಿ, ನೋಡಿ, ನಿಮ್ಮ ಹಾಗೆ ಕಂಸವಿಲ್ಲದೆ ಬರೆಯುತ್ತೇನೆ, ಯಂತ್ರ ಏನು ಹೇಳುತ್ತದೆ ನೀವೇ ನೋಡಿ ಎಂದು ಪ್ರಿಂಟ್ "ನಮಸ್ಕಾರ" ಎಂದು ಬೆರಳಚ್ಚಿಸಿ ಗತ್ತಿನಿಂದ ಗುಂಡಿ ಒತ್ತಿದೆ. ಪರದೆಯ ಮೇಲೆ ನಮಸ್ಕಾರ ಎಂದು ಮೂಡಿತು. ಮಾವನವರು ಪರದೆಗೆ ಪ್ರತಿನಮಸ್ಕಾರ ಮಾಡಿದರು. ಆ ಯಂತ್ರದಲ್ಲಿದ್ದದ್ದು ಹಳೆಯ ಪೈಥಾನ್. ನಾನು ಓದುತ್ತಿದ್ದಾಗ ಹಾಕಿದ್ದು, ತೆಗೆಯುವುದನ್ನು ಮರೆತಿದ್ದೆ.

ಇಲ್ಲಿಗೆ ಎದ್ದಿದ್ದರೆ ಅರ್ಧ ಮಾನ ಉಳಿಯುತ್ತಿತ್ತು. ಕಂಸ ಹಾಕಿದರೂ ನಡೆಯುತ್ತದೆ ಎಂದಾದರೂ ತೋರಿಸೋಣವೆಂದು ಹೊರಟೆ. ಒಂದು ಪದ ಹಾಕಿ ತೋರಿಸಿದ್ದರೆ ನಡೆಯುತ್ತಲೂ ಇತ್ತು. ನಾನು ಕಂಸದೊಳಗೆ "ಕೊಪ್ಪಳ", "ಗಂಗಾವತಿ" ಎಂದು ಎರಡು ಊರು ಹಾಕಿದೆ. ಹಳೆಯ ಪೈಥಾನಿಗೆ ಆ ಕಂಸ ಪ್ರಿಂಟಿಗೆ ಸೇರಿದ್ದು ಎಂದು ತಿಳಿಯುವುದಿಲ್ಲ, ಎರಡು ಊರುಗಳನ್ನು ಕಟ್ಟಿದ ಒಂದು ಗಂಟು ಎಂದುಕೊಂಡು ಗಂಟನ್ನು ಗಂಟಾಗಿಯೇ ತೋರಿಸುತ್ತದೆ. ಗುಂಡಿ ಒತ್ತಿದ ಮೇಲೆ ಪರದೆಯ ಮೇಲೆ ಕಂಸ ಬಂತು, ಉದ್ಧರಣ ಚಿಹ್ನೆ ಬಂತು, ಅದರೊಳಗೆ ಓರೆಗೆರೆ, ಎಕ್ಸ್, ಅಂಕಿ, ಮತ್ತೆ ಓರೆಗೆರೆ, ಮತ್ತೆ ಎಕ್ಸ್, ಹೀಗೆ ಇರುವೆ ಸಾಲಿನಂತೆ ಪರದೆ ತುಂಬಿತು. ಕೊಪ್ಪಳವೂ ಇಲ್ಲ, ಗಂಗಾವತಿಯೂ ಇಲ್ಲ. ಮಾವನವರು ಹೊಸ ಕಣ್ಣಿನಿಂದ ಅದನ್ನು ಬಹಳ ಹೊತ್ತು ನೋಡಿದರು. "ನಿಮ್ಮ ಕಂಸ ಕನ್ನಡನ ನುಂಗಿತಲ್ರಿ" ಎಂದಷ್ಟೇ ಹೇಳಿ ಕೈತೊಳೆಯಲು ಎದ್ದರು. ಊಟಕ್ಕೆ ಕುಳಿತಾಗ ಪುಂಡಿಪಲ್ಲೆ ಬಡಿಸುತ್ತಿದ್ದ ಗಿರಿಜಾ, "ಹೂದಾನಿ ಎಲ್ಲಿತ್ತೋ ಅಲ್ಲೇ ಇಡ್ರಿ ಸಾಕು" ಎಂದಳು.

ಮರುದಿನ ಕಾಲೇಜಿನಿಂದ ಲ್ಯಾಪ್‌ಟಾಪ್ ತಂದೆ. ಅದರಲ್ಲಿ ಹೊಸ ಪೈಥಾನ್ ಇದೆ ಎಂದು ಬೀದಿಯಲ್ಲೇ ಎರಡು ಸಲ ಪರೀಕ್ಷಿಸಿಕೊಂಡೆ. ಮಾವನವರನ್ನು ಮತ್ತೆ ಕೂರಿಸಿ ಕಂಸವಿಲ್ಲದ ಪ್ರಿಂಟ್ "ನಮಸ್ಕಾರ" ಬರೆದೆ. ಈ ಸಲ ಯಂತ್ರ ನನ್ನ ಪಕ್ಷ ವಹಿಸಿತು. ಕೆಂಪು ಅಕ್ಷರಗಳಲ್ಲಿ ಇಂಗ್ಲಿಷಿನ ಒಂದು ಸಾಲು ಬಂತು. ಅದನ್ನು ಕನ್ನಡದಲ್ಲಿ ಹೇಳಿ ಎಂದರು. ನಾನು ವಿಜಯದ ಧ್ವನಿಯಲ್ಲಿ ಓದಿದೆ: ಪ್ರಿಂಟನ್ನು ಕರೆಯುವಾಗ ಕಂಸ ಬಿಟ್ಟುಹೋಗಿದೆ, ನೀವು ಹೇಳಬೇಕೆಂದದ್ದು ಪ್ರಿಂಟ್, ಕಂಸ, ನಮಸ್ಕಾರ, ಕಂಸ ಎಂದೇ ಏನು?

ಮಾವನವರು ಪರದೆಯ ಕಡೆ ಬಾಗಿದರು. "ಅಂದ್ರ, ನಾ ಏನ್ ಹೇಳಬೇಕಂತಿದ್ದೆ ಅನ್ನೂದು ಅದಕ್ಕ ಗೊತ್ತಾಗೈತಿ?"

"ಆಗೈತ್ರಿ."

"ನಮಸ್ಕಾರ ಅನ್ನಬೇಕು ಅಂತಾನೂ ತಿಳದೈತಿ?"

"ತಿಳದೈತ್ರಿ."

"ತಿಳದೂ ಅನ್ನಂಗಿಲ್ಲ."

"ಇಲ್ಲ್ರಿ."

"ನನ್ನ ಪಿಂಚಣಿ ಕಾಗದಕ್ಕ ಕಚೇರಿಯೊಳಗ ಹಿಂಗ ಒಬ್ಬಾವ ಇದ್ದ" ಎಂದರು ಮಾವನವರು. "ಮಾಸ್ತರ, ನಿಮಗ ಏನ್ ಬೇಕಂತ ನನಗ ಗೊತ್ತೈತ್ರಿ, ಆದ್ರ ಅರ್ಜಿ ಹಿಂಗ ಬರದು ತರ್ರಿ ಅಂತಿದ್ದ. ನೀವು ಅವನ್ನ ತಂದು ಡಬ್ಬಿಯೊಳಗ ಕುಂಡ್ರಿಸೀರಿ." ನಾನು ಲ್ಯಾಪ್‌ಟಾಪ್ ಮುಚ್ಚಿದೆ. ಕಂಸಗಳನ್ನು ಕೊಲ್ಲುವುದಿಲ್ಲ ಎಂದು ನಾನು, ಬದುಕಿಸುವುದಿಲ್ಲ ಎಂದು ಅವರು. ಅಂದಿನಿಂದ ಮಾವನವರು ಊಟವನ್ನು ತಮ್ಮ ಕೋಣೆಗೇ ತರಿಸಿಕೊಂಡರು. ಕಣ್ಣಿಗೆ ಹನಿ ಹಾಕಿಕೊಂಡು ಮಲಗಿದ್ದೇನೆ, ಎದ್ದು ಬರುವುದು ಕಷ್ಟ ಎಂಬುದು ಕಾರಣ. ನನಗೆ ಏನಾದರೂ ಹೇಳಬೇಕಾದರೆ ಗಿರಿಜಾಳಿಗೆ ಹೇಳುತ್ತಿದ್ದರು, ನಾನು ಅಲ್ಲೇ ಎದುರಿಗೆ ಕುಳಿತಿದ್ದರೂ.

ಇಮಾಮಸಾಬರು ದಿನಾ ಫೋನು ಮಾಡತೊಡಗಿದರು. ಮದುವೆಯ ಹಂಗಾಮು ಶುರುವಾದರೆ ಅವರಿಗೆ ಪತ್ರಿಕೆ ಅಚ್ಚುಹಾಕುವುದರಲ್ಲಿ ಕೈ ಖಾಲಿ ಇರುವುದಿಲ್ಲ. ನಾನು ತಡವಾಗುತ್ತಿರುವ ಕಾರಣ ಹೇಳಿದೆ. ಅವರು ನಿಧಾನವಾಗಿ ಕೇಳಿಸಿಕೊಂಡು, "ಸರ್, ನಮ್ಮ ಕಡಿ ಬ್ರಾಕೆಟ್ ಬರೂದು ಮದಿಮಗನ ಡಿಗ್ರಿಗೆ ಅಷ್ಟ ನೋಡ್ರಿ. ಬಿ.ಇ. ಅಂತ ಇದ್ರ ಬ್ರಾಕೆಟ್, ಇಲ್ಲಂದ್ರ ಇಲ್ಲ" ಎಂದರು. ಇದು ಹಾಗಲ್ಲ, ಪ್ರಿಂಟ್ ಈಗ ಫಂಕ್ಷನ್ ಆಗಿದೆ ಎಂದು ನಾನು ವಿವರಿಸಿದೆ. "ಫಂಕ್ಷನ್ ಅಂದ ಮ್ಯಾಲ ಶಾಮಿಯಾನಾ ಬೇಕ ಬೇಕಲ್ರಿ" ಎಂದರು ಇಮಾಮಸಾಬರು. "ಆ ಕಡಿಗೊಂದು ಕಂಬ, ಈ ಕಡಿಗೊಂದು ಕಂಬ. ಅದಕ ಮಾಸ್ತರು ಯಾಕ ತಕರಾರು ಮಾಡ್ತಾರ? ಜಲ್ದಿ ಏನರ ಒಂದು ಫೈಸಲಾ ಮಾಡ್ರಿ, ಕರಡು ಕಳಸ್ರಿ." ಶಾಮಿಯಾನದ ಈ ಮಾತನ್ನು ನಾನು ಮಾವನವರಿಗೆ ಕೇಳಿಸುವಂತೆ ಗಿರಿಜಾಳಿಗೆ ಹೇಳಿದೆ. ಮಾವನವರು ನನಗೆ ಕೇಳಿಸುವಂತೆ, ಮಂಟಪ ನೋಡಿ ಯಾರೂ ಮದುವೆ ನಿಶ್ಚಯ ಮಾಡುವುದಿಲ್ಲ ಎಂದು ಗಿರಿಜಾಳಿಗೆ ಹೇಳಿದರು. ಗಿರಿಜಾ ಇಬ್ಬರಿಗೂ ಕೇಳಿಸುವಂತೆ ಪಾತ್ರೆ ಇಟ್ಟಳು.

ಆ ಸಂಜೆ ಅವಳು ಅಂಗಳದಲ್ಲಿ ಒಣಗಿದ ಬಟ್ಟೆ ತೆಗೆಯುತ್ತಾ ನನ್ನನ್ನು ಕರೆದಳು. ಗಿರಿಜಾ ಪ್ರಾಥಮಿಕ ಶಾಲೆಯಲ್ಲಿ ಕಲಿಸುತ್ತಾಳೆ, ಯಾವ ವಿಷಯವನ್ನೂ ಮೂರು ವಾಕ್ಯದಲ್ಲಿ ಮುಗಿಸುವ ಅಭ್ಯಾಸ. "ನೀವು ಅಪ್ಪಾರ ಕೂಡ ವ್ಯಾಕರಣದ ಜಗಳ ಮಾಡಾಕ ಹತ್ತೀನಿ ಅನ್ಕೊಂಡೀರಿ. ಅವರ ಸಾಲಿಯವರು ಕಳಿಸಿಕೊಡೂ ಮುಂದ ಒಂದು ಹೆಸರಿನ ಫಲಕ ಮಾಡಿಸಿ ಕೊಟ್ಟಿದ್ರು. ಕನ್ನಡ ಅಧ್ಯಾಪಕರು ಅಂತ ಬರದು, ಅದರ ಮುಂದ ಕಂಸದೊಳಗ ನಿವೃತ್ತ ಅಂತ ಹಾಕಿದ್ರು."

ನಾನು ಆ ಫಲಕವನ್ನು ತಳಕಲ್ ಮನೆಯ ಬಾಗಿಲಲ್ಲಿ ನೋಡಿದ ನೆನಪಿರಲಿಲ್ಲ. ಕೇಳಿದೆ.

"ಅಟ್ಟದ ಮ್ಯಾಲ ಐತಿ. ಹಚ್ಚೇ ಇಲ್ಲ. ಯಾಕಪ್ಪಾ ಅಂತ ನಾ ಕೇಳಿದ್ದೆ. ಕಂಸದೊಳಗಿನದು ಓದದಿದ್ರೂ ವಾಕ್ಯ ನಡೀತೈತಿ ಗಿರಿಜಾ, ಅದಕ ಅಲ್ಲಿ ಹಾಕ್ತಾರ ಅಂದ್ರು. ಇಷ್ಟು ಅಂದು ಎದ್ದು ಹೋದ್ರು."

ಬಟ್ಟೆ ಮಡಿಸಿ ಅವಳು ಒಳಗೆ ಹೋದಳು. ನಾನು ಅಂಗಳದಲ್ಲೇ ನಿಂತೆ. ಕರಡಿನ ಆ ಕೆಂಪು ಗೆರೆಗಳು ಬೇರೆಯಾಗಿ ಕಾಣತೊಡಗಿದವು. ಅವರು ಹೊಡೆದುಹಾಕಿದ್ದು ಕಂಸವನ್ನು ಮಾತ್ರ, ಒಳಗಿದ್ದ ನಮಸ್ಕಾರವನ್ನು ಒಂದು ಕಡೆಯೂ ಮುಟ್ಟಿರಲಿಲ್ಲ. ಅದನ್ನು ಹೊರಗೆ ಬಿಡಿಸಿ ತಂದಿದ್ದರು. ನನ್ನ ಹಟ ಕರಗಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಕಂಸ ಇರಲೇಬೇಕಿತ್ತು, ಇಲ್ಲದಿದ್ದರೆ ನಮ್ಮ ವಿದ್ಯಾರ್ಥಿಗಳ ಒಂದು ಸಾಲೂ ನಡೆಯುವುದಿಲ್ಲ. ಆದರೆ ಇನ್ನು ಮೇಲೆ ಯಾರು ಎಂದು ಹೇಳುವುದಿಲ್ಲ, ಯಾಕೆ ಎಂದೇ ಹೇಳುತ್ತೇನೆ ಎಂದು ನಿಶ್ಚಯಿಸಿದೆ. ಅದಕ್ಕೆ ಮೊದಲು ಯಾಕೆಂದು ನನಗೆ ಗೊತ್ತಾಗಬೇಕಿತ್ತು. ಇಷ್ಟು ವರ್ಷ ಕಲಿಸಿದ್ದೆ, ಯಾಕೆಂದು ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಕಾಲೇಜಿನ ಲ್ಯಾಬಿನಲ್ಲಿ ಕುಳಿತು ಆ ಭಾಷೆಯವರು ಮಾಡಿದ ವಾದವನ್ನೆಲ್ಲ ಓದಿದೆ. ಹೇಳಿಕೆಯ ಪಕ್ಷದವರು ಹೇಳಿದ್ದರಲ್ಲಿ ಅರ್ಧ ನಮ್ಮ ಮಾವನವರದೇ ಮಾತು. ದಿನಾ ಬಳಸುವ ಪದಕ್ಕೆ ಎರಡು ಗುಂಡಿ ಹೆಚ್ಚು ಒತ್ತಿಸುತ್ತೀರಿ, ಸುಲಭವಾದದ್ದನ್ನು ಕಷ್ಟ ಮಾಡುತ್ತೀರಿ ಎಂದು ಅವರೂ ಗೊಣಗಿದ್ದರು. ಅದನ್ನು ಓದಿ ನನಗೆ ಮಾವನವರ ಬಗ್ಗೆ ಒಂದು ಬಗೆಯ ಹೆಮ್ಮೆಯೇ ಬಂತು.

ಭಾನುವಾರ ಲ್ಯಾಪ್‌ಟಾಪನ್ನು ಅವರ ಕೋಣೆಗೇ ತೆಗೆದುಕೊಂಡು ಹೋದೆ. ಅವರು ಗೋಡೆಯ ಕಡೆ ನೋಡುತ್ತಿದ್ದರು. "ಮಾವಾರ, ನೀವು ಯಾಕ ಅಂತ ಕೇಳಿದ್ರಿ. ಈಗ ಹೇಳ್ತೀನ್ರಿ" ಎಂದೆ. ಮುಖ ಇತ್ತ ತಿರುಗಿತು. ಪ್ರಿಂಟ್ ಬರೆದು ಕಂಸದೊಳಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಂದು ಹಾಕಿದೆ. ನಾಲ್ಕು ಊರೂ ಸ್ವಚ್ಛ ಕನ್ನಡದಲ್ಲಿ ಬಂದವು, ನಡುವೆ ಖಾಲಿ ಜಾಗ. "ನಡುವ ಅಲ್ಪವಿರಾಮ ಇಲ್ಲ" ಎಂದರು ತಕ್ಷಣ. ಅದೇ ಬೇಕಿತ್ತು ನನಗೆ. ಊರುಗಳ ನಡುವೆ ಅಲ್ಪವಿರಾಮ ಇಡು ಎಂಬ ಸೂಚನೆಯನ್ನು ಅದೇ ಕಂಸದೊಳಗೆ ಸೇರಿಸಿದೆ, ಬಂತು. "ಕಡಿಗೆ ಪೂರ್ಣವಿರಾಮ ಇಲ್ಲ" ಎಂದರು. ಸಾಲಿನ ಕೊನೆಗೆ ಪೂರ್ಣವಿರಾಮ ಇಡು ಎಂದು ಇನ್ನೊಂದು ಸೂಚನೆ ಸೇರಿಸಿದೆ, ಅದೂ ಬಂತು. ಪ್ರಿಂಟ್ ಬರಿಯ ಹೇಳಿಕೆಯಾಗಿದ್ದಾಗ ಅದಕ್ಕೆ ಇಂಥ ಸೂಚನೆ ಕೊಡಲು ಒಳ್ಳೆಯ ದಾರಿಯೇ ಇರಲಿಲ್ಲ, ಎಲ್ಲವನ್ನೂ ನಾವೇ ಹೊಲಿದು ಕೊಡಬೇಕಿತ್ತು. ಫಂಕ್ಷನ್ ಆದ ಮೇಲೆ ಏನು ತೋರಿಸಬೇಕು ಎಂಬುದರ ಜೊತೆಗೆ ಹೇಗೆ ತೋರಿಸಬೇಕು ಎಂಬುದನ್ನೂ ಒಳಗಿಟ್ಟು ಕೊಡಬಹುದು. ಬೇಕೆಂದರೆ ಪ್ರಿಂಟನ್ನೇ ತೆಗೆದು ಅದರ ಜಾಗಕ್ಕೆ ನಮ್ಮದೇ ಇನ್ನೊಂದನ್ನು ಕೂರಿಸಬಹುದು, ಉಳಿದ ಸಾಲುಗಳನ್ನು ಮುಟ್ಟಬೇಕಾಗಿಲ್ಲ.

"ನಮ್ಮ ಬರವಣಿಗಿಯೊಳಗ ಕಂಸದೊಳಗಿಂದು ಬಿಟ್ರೂ ನಡೀತೈತ್ರಿ ಮಾವಾರ. ಇದರೊಳಗ ಹಂಗಿಲ್ಲ. ಒಳಗ ಏನೈತಿ ಅದ ಮುಖ್ಯ. ಹೊರಗ ನಿಂತದ್ದು ಬರೀ ಆಳು."

ಮಾವನವರು ನನ್ನ ಮುಖ ನೋಡಿದರು. ಗಿರಿಜಾ ಏನಾದರೂ ಹೇಳಿದ್ದಾಳೆಯೇ ಎಂದು ಹುಡುಕಿದಂತಿತ್ತು. ನಾನು ಪರದೆಯ ಕಡೆಗೇ ನೋಡುತ್ತಾ ಕುಳಿತೆ. ಸ್ವಲ್ಪ ಹೊತ್ತಾದ ಮೇಲೆ, "ಎಲ್ಲಾ ಸಾಲಿಗೂ ಪೂರ್ಣವಿರಾಮ ತಾನ ಹಾಕ್ತೈತೇನು?" ಎಂದು ಕೇಳಿದರು. ಹೇಳಿದರೆ ಹಾಕುತ್ತದೆ ಎಂದೆ. "ಜಲ್ಮಪೂರ್ತಿ ಹೇಳಿದೆ, ಒಬ್ಬರೂ ಸರೀ ಹಾಕಲಿಲ್ಲ" ಎಂದು ಲ್ಯಾಪ್‌ಟಾಪನ್ನು ತಮ್ಮ ಕಡೆ ಎಳೆದುಕೊಂಡರು. ಆ ಮಧ್ಯಾಹ್ನವೆಲ್ಲ ಒಂದೊಂದೇ ಬೆರಳಿನಿಂದ ಬಡಿಯುತ್ತಾ, ತಮ್ಮ ಹಳೆಯ ಶಿಷ್ಯರ ಹೆಸರುಗಳನ್ನೆಲ್ಲ ಕಂಸದೊಳಗೆ ಹಾಕಿ, ಪೂರ್ಣವಿರಾಮ ಸಮೇತ ಹೊರಗೆ ಕರೆದರು. ರಾತ್ರಿಯ ಊಟಕ್ಕೆ ನಡುಮನೆಗೆ ಬಂದು ನನ್ನ ಪಕ್ಕದಲ್ಲೇ ಕುಳಿತರು. ಮರುದಿನ ಕರಡಿನಲ್ಲಿ ಹೊಡೆದುಹಾಕಿದ ಪ್ರತಿಯೊಂದು ಕಂಸದ ಕೆಳಗೂ ಚುಕ್ಕಿ ಸಾಲು ಎಳೆದು, ಇದು ಇರಲಿ ಎಂದು ಬರೆದುಕೊಟ್ಟರು. ನಾನು ಗೆದ್ದೆ ಎಂದುಕೊಂಡೆ. ಗೆದ್ದವನು ಸ್ವಲ್ಪ ಎಚ್ಚರದಿಂದಿರಬೇಕು.

ಕೊನೆಯ ಕರಡು ಇಮಾಮಸಾಬರ ಅಂಗಡಿಗೆ ಹೋಗುವ ದಿನ ನನಗೆ ಪರೀಕ್ಷೆಯ ಕೆಲಸ ಬಿತ್ತು. ಮಾವನವರಿಗೆ ಅದೇ ದಿನ ಗಂಗಾವತಿಯಲ್ಲಿ ಕಣ್ಣಿನ ಕೊನೆಯ ತಪಾಸಣೆ. "ನಾ ಕೊಟ್ಟು ಬರ್ತೀನಿ" ಎಂದರು. ಕೊಟ್ಟು ಬಂದರು, ಸಂಜೆಯ ತನಕ ಅಲ್ಲಿ ಕುಳಿತೂ ಬಂದರು. ಕಣ್ಣು ಸರಿಯಾಗಿದೆ ಎಂದು ವೈದ್ಯರು ಹೇಳಿದ್ದರಿಂದ ಆ ವಾರವೇ ತಳಕಲ್‌ಗೆ ಹೊರಟರು. ಪುಸ್ತಕ ತರಗತಿ ಶುರುವಾಗುವ ಮುನ್ನ ಬಂತು. ನಾನು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಒಂದೊಂದು ಪ್ರತಿ ಕೊಟ್ಟು, ಹೇಳಿದಂತೆ ಮಾಡಿದೆ ನೋಡಿ ಎಂದು ಕಾಲರ್ ಸರಿಪಡಿಸಿಕೊಂಡೆ.

ಮೊದಲ ಪಾಠಗಳು ಸೊಗಸಾಗಿ ನಡೆದವು. ಪ್ರಿಂಟಿನ ಕಂಸಗಳು ಎಲ್ಲವೂ ಇದ್ದವು. ನಂತರ ಇಂಪೋರ್ಟ್ ಎಂಬ ಪಾಠ ಬಂತು. ಬೇರೆಯವರು ಬರೆದಿಟ್ಟ ಕೆಲಸವನ್ನು ನಮ್ಮ ಕಡತಕ್ಕೆ ಕರೆದು ತರುವ ಹೇಳಿಕೆ ಅದು. ಗಣಿತದ ಕೆಲಸ ಬೇಕಾದರೆ ಇಂಪೋರ್ಟ್ ಮ್ಯಾತ್ ಎಂದು ಬರೆಯಬೇಕು. ಲ್ಯಾಬಿನಲ್ಲಿ ವಿದ್ಯಾರ್ಥಿಗಳೆಲ್ಲ ಪುಸ್ತಕ ನೋಡಿ ಬರೆದು ಗುಂಡಿ ಒತ್ತಿದರು, ಲ್ಯಾಬಿನ ಎಲ್ಲ ಪರದೆಗಳೂ ಒಟ್ಟಿಗೆ ಕೆಂಪಾದವು. ನಾನು ಪುಸ್ತಕ ತೆರೆದು ನೋಡಿದೆ. ಇಂಪೋರ್ಟ್ (ಮ್ಯಾತ್). ಪುಸ್ತಕದ ಉದ್ದಕ್ಕೂ. ಇಂಪೋರ್ಟ್ ಇಂದಿಗೂ ಹೇಳಿಕೆಯೇ, ಅದಕ್ಕೆ ಹೀಗೆ ಕಂಸ ಹಾಕಿದರೆ ಯಂತ್ರ ಒಪ್ಪುವುದಿಲ್ಲ. ಇಫ್, ರಿಟರ್ನ್ ಮುಂತಾದ ಹೇಳಿಕೆಗಳ ಮುಂದೆಯೂ ಕಂಸಗಳು ಬಂದು ಕುಳಿತಿದ್ದವು. ಪುಣ್ಯಕ್ಕೆ ಅವನ್ನು ಯಂತ್ರ ಸಹಿಸಿಕೊಂಡಿತ್ತು. ಇಮಾಮಸಾಬರಿಗೆ ಫೋನು ಮಾಡಿದೆ. "ಮಾಸ್ತರ ಖುದ್ದು ಕುಂತು ಹಾಕಿಸ್ಯಾರಲ್ರಿ ಸರ್" ಎಂದರು. "ಒಂದಕ್ಕ ಶಾಮಿಯಾನಾ ಹಾಕಿ ಇನ್ನೊಂದಕ್ಕ ಬಿಟ್ರ ಮಂದಿ ಏನಂತಾರ ಅಂದ್ರು. ನನಗೂ ಖರೇ ಅನ್ನಿಸ್ತು."

ಮೊದಲ ಬಸ್ಸಿಗೆ ತಳಕಲ್‌ಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತುಗಳನ್ನು ಒಂದರ ಮೇಲೊಂದು ಜೋಡಿಸಿಕೊಂಡೆ. ಈ ಸಲ ಮೆತ್ತಗಾಗುವುದಿಲ್ಲ, ಮಾವನವರು ಎಂದು ನೋಡುವುದಿಲ್ಲ ಎಂದು ತಳಕಲ್ ಹತ್ತಿರವಾದಾಗ ಮತ್ತೊಮ್ಮೆ ಗಟ್ಟಿಮಾಡಿಕೊಂಡೆ. ಅವರು ಕಟ್ಟೆಯ ಮೇಲೆ ಕುಳಿತು ದಿನಪತ್ರಿಕೆ ತಿದ್ದುತ್ತಿದ್ದರು. ನನ್ನನ್ನು ಕಂಡು, "ಬರ್ರಿ ಬರ್ರಿ" ಎಂದು ಜಾಗ ಮಾಡಿಕೊಟ್ಟರು. ನಾನು ಪುಸ್ತಕ ಬಿಡಿಸಿ, "ಇದೇನ್ರಿ ಮಾವಾರ" ಎಂದೆ.

"ಯಾಕ, ಬಿಟ್ಟಿದ್ರಿ. ಹಾಕಿಸಿದೆ. ಪ್ರಿಂಟಿಗೆ ಕಂಸ ಬೇಕು ಅಂದ್ರ ಇದಕ್ಕೂ ಬೇಕು. ಒಂದು ಮನಿಯೊಳಗ ಎರಡು ನ್ಯಾಯ ಹೆಂಗ?"

"ಇಂಪೋರ್ಟ್ ಫಂಕ್ಷನ್ ಅಲ್ರಿ. ಅದು ಹೇಳಿಕೆ."

"ಯಾಕ?"

ಜೋಡಿಸಿಕೊಂಡು ಬಂದ ಮಾತುಗಳಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಅಲ್ಲೇ ಕುಳಿತು ಯೋಚಿಸಬೇಕಾಯಿತು. ಅತ್ತೆಯವರು ಚಹಾ ತಂದಿಟ್ಟರು. ಚಹಾ ಆರುವ ಹೊತ್ತಿಗೆ ದಾರಿ ಹೊಳೆಯಿತು. "ಮಾವಾರ, ಫಂಕ್ಷನ್ ಅಂದ್ರ ಅಡಗಿಯವರು ಇದ್ದಂಗ್ರಿ. ಸಾಮಾನು ಕೊಟ್ರ ಅಡಗಿ ಮಾಡಿಕೊಟ್ಟು ಹೋಗ್ತಾರ. ನಮ್ಮ ಮನಿ ಕೂಸಿಗೆ ಹೆಸರಿಡೂದು ಅವರ ಕೆಲಸ ಅಲ್ಲ. ಇಂಪೋರ್ಟ್ ಮಾಡೂದು ಹೆಸರಿಡೂ ಕೆಲಸ. ಹೊರಗಿನವರನ್ನ ಕರಕೊಂಡು ಬಂದು, ಈ ಮನಿಯೊಳಗ ಇವರ ಹೆಸರು ಮ್ಯಾತ್ ಅಂತ ಹೇಳ್ತೈತಿ. ಕಂಸದೊಳಗ ಹಾಕಬೇಕಂದ್ರ ಆ ಹೆಸರು ಮೊದಲ ಗೊತ್ತಿರಬೇಕು. ಇನ್ನೂ ಹೆಸರೇ ಇಟ್ಟಿಲ್ಲ, ಒಳಗ ಯಾರನ್ನ ಹಾಕೂದು?"

ಮಾವನವರು ಕಣ್ಣು ಮುಚ್ಚಿ ಇದನ್ನು ಒಂದು ಸುತ್ತು ಜಗಿದರು. "ಇದು ಕಾರಣ" ಎಂದರು. ನನಗೆ ಜೀವ ಬಂತು. "ಇದು ಪುಸ್ತಕದಾಗ ಯಾವ ಪುಟದೊಳಗ ಐತಿ?"

"ಇಲ್ಲ್ರಿ."

"ಪ್ರಿಂಟಿನ ಕಾರಣಾರ ಐತೇನು?"

ಅದೂ ಇರಲಿಲ್ಲ. ಇಡೀ ಪುಸ್ತಕದಲ್ಲಿ ಇಲ್ಲಿ ಕಂಸ ಹಾಕಬೇಕು, ಇಲ್ಲಿ ಹಾಕಬಾರದು ಎಂದಷ್ಟೇ ಬರೆದಿದ್ದೆ. ಮಾವನವರು ದಿನಪತ್ರಿಕೆಯ ಅಂಚಿನ ಬಿಳಿ ಜಾಗವನ್ನು ಹರಿದು ನನ್ನ ಕೈಗೆ ಕೊಟ್ಟರು. "ಒಂದು ತಿದ್ದೋಲಿ ಬರದು ಕೊಡ್ರಿ. ಇಮಾಮಸಾಬರು ಎಲ್ಲಾ ಪ್ರತಿಯೊಳಗೂ ಇಟ್ಟು ಕೊಡ್ತಾರ. ಕಾರಣಾನೂ ಬರೀರಿ."

ಬರೆದೆ. ಇಂಪೋರ್ಟಿಗೆ ಕಂಸ ಬೇಡ, ಅದು ಹೇಳಿಕೆ, ಹೆಸರಿಡುವ ಕೆಲಸ ಅದರದು. ಪ್ರಿಂಟಿಗೆ ಕಂಸ ಬೇಕೇ ಬೇಕು, ಅದು ಫಂಕ್ಷನ್, ಸಾಮಾನನ್ನೂ ಸೂಚನೆಯನ್ನೂ ಒಳಗಿಟ್ಟು ಕೊಡಬೇಕು. ಅನುಮಾನಕ್ಕೆ ಎಡೆಯಿರದಂತೆ ಕೆಳಗೆ ಎರಡಕ್ಕೂ ಒಂದೊಂದು ಉದಾಹರಣೆ ಕೊಟ್ಟೆ. ಇಂಪೋರ್ಟ್ ಮ್ಯಾತ್. ಪ್ರಿಂಟ್ "ನಮಸ್ಕಾರ". ಇಷ್ಟು ದಿನದ ಹೋರಾಟವೆಲ್ಲ ಕೊನೆಗೂ ಸರಿಯಾಗಿ ಕಾಗದಕ್ಕೆ ಇಳಿಯಿತು ಎನ್ನಿಸಿ, ಕೆಳಗೆ ಸಹಿಯನ್ನೂ ಹಾಕಿ, ಮಾವನವರ ಕೈಗಿಟ್ಟು ತಣ್ಣಗಾದ ಚಹಾ ಎತ್ತಿಕೊಂಡೆ.

ಮಾವನವರು ಮೇಲಿನಿಂದ ಓದುತ್ತಾ ಬಂದರು. ಕೊನೆಯ ಸಾಲಿನಲ್ಲಿ ಅವರ ಬೆರಳು ನಿಂತಿತು. ನನ್ನ ಕಡೆ ಒಮ್ಮೆ ನೋಡಿದರು. ನನ್ನ ಜೇಬಿನ ಪೆನ್ನನ್ನೇ ತೆಗೆದುಕೊಂಡು ನಮಸ್ಕಾರದ ಆ ಕಡೆಗೊಂದು, ಈ ಕಡೆಗೊಂದು ಬಾಗಿದ ಗೆರೆ ಎಳೆದು, ಪೆನ್ನನ್ನು ಮತ್ತೆ ಜೇಬಿಗೆ ಸಿಕ್ಕಿಸಿ, ದಿನಪತ್ರಿಕೆ ಎತ್ತಿಕೊಂಡರು.

ತಿದ್ದೋಲೆ ಅಚ್ಚಾಗಿ ಈಗ ಎಲ್ಲ ಪ್ರತಿಗಳೊಳಗೂ ಇದೆ. ಅದರಲ್ಲಿ ಒಂದೂ ತಪ್ಪಿಲ್ಲ ಎಂದು ವಿದ್ಯಾರ್ಥಿಗಳು ಹೊಗಳುತ್ತಾರೆ. ನಾನು ವಿನಯದಿಂದ ಸುಮ್ಮನಿರುತ್ತೇನೆ.